ನ್ಯಾಸ್ ಲಾಗಿನ್ ಆಗದಿದ್ದರೆ ಯಾವ ದಾರಿ? ರೀಸೆಟ್, ಡಿಸ್ಕ್, ಬ್ಯಾಕಪ್: ಒಂದು ಹೋಲಿಕೆ

ನ್ಯಾಸ್‌ಗೆ, ಅಂದರೆ ಮನೆ ಅಥವಾ ಆಫೀಸಿನ ನೆಟ್‌ವರ್ಕಿಗೆ ಜೋಡಿಸಿ ಎಲ್ಲರೂ ಫೈಲು ಇಡುವ ಡಿಸ್ಕ್ ಪೆಟ್ಟಿಗೆಗೆ, ಲಾಗಿನ್ ಆಗುತ್ತಿಲ್ಲ ಎಂದು ಫೋನ್ ಮಾಡುವವರು ಎರಡನೇ ಮಾತಿಗೇ ಕೇಳುವುದು ಒಂದೇ ಪ್ರಶ್ನೆ: "ಹಿಂದುಗಡೆ ಸಣ್ಣ ತೂತು ಇದೆಯಲ್ಲ, ಪಿನ್ ಹಾಕಿ ಒತ್ತಿಬಿಡಲಾ?" ಮದುವೆ ಫೋಟೋ ಸ್ಟುಡಿಯೋ, ಆಡಿಟರ್ ಆಫೀಸು, ಮನೆ, ಎಲ್ಲಿಂದ ಫೋನ್ ಬಂದರೂ ನನ್ನ ಉತ್ತರ ಒಂದೇ. ಈಗಲೇ ಬೇಡ. ಪಾಸ್‌ವರ್ಡ್ ಹಿಡಿಯುತ್ತಿಲ್ಲ ಎಂದ ಮಾತ್ರಕ್ಕೆ ಫೋಟೋ, ಫೈಲು ಹೋಗಿರುವುದಿಲ್ಲ. ಬಾಗಿಲ ತೊಂದರೆ ಬಾಗಿಲಲ್ಲೇ ಇರುತ್ತದೆ. ನಿಜವಾಗಿ ಡೇಟಾ ಹೋಗುವುದು ಆಮೇಲೆ, ಗಾಬರಿಯಲ್ಲಿ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿ ಡಿಸ್ಕುಗಳನ್ನು ಅದಲು ಬದಲು ಮಾಡಿದಾಗ.

ಎದುರಿಗಿರುವ ದಾರಿಗಳಲ್ಲಿ ಕೆಲವು ಏನನ್ನೂ ಕೆಡಿಸುವುದಿಲ್ಲ, ಕೆಲವು ಸೆಟ್ಟಿಂಗ್ ಅಳಿಸುತ್ತವೆ, ಕೆಲವು ಕೀಲಿಯಿಲ್ಲದಿದ್ದರೆ ಡೇಟಾವನ್ನೇ ಮುಚ್ಚಿಬಿಡುತ್ತವೆ. ಹಗುರವಾದದ್ದರಿಂದ ಶುರುಮಾಡಿ ಅಗತ್ಯ ಬಿದ್ದಷ್ಟೇ ಮುಂದೆ ಹೋಗುವ ಲೆಕ್ಕದಲ್ಲಿ ಇಲ್ಲಿ ಹೋಲಿಸಿದ್ದೇನೆ. ನಮ್ಮಲ್ಲಿ ಹೆಚ್ಚು ಕಾಣುವ ಸಿನಾಲಜಿ, ಕ್ಯೂನ್ಯಾಪ್ ಮತ್ತು ಡಬ್ಲ್ಯೂಡಿ (ವೆಸ್ಟರ್ನ್ ಡಿಜಿಟಲ್) ಪೆಟ್ಟಿಗೆಗಳೇ ಉದಾಹರಣೆ.

ಮೊದಲು ಯಾವ ಬಾಗಿಲು ಎಂದು ನೋಡಿ

ಬ್ರೌಸರಿನಲ್ಲಿ ಲಾಗಿನ್ ಪುಟವೇ ತೆರೆಯುತ್ತಿಲ್ಲವೇ? ಹಾಗಾದರೆ ಅದು ಪಾಸ್‌ವರ್ಡಿನ ವಿಷಯವೇ ಅಲ್ಲ. ಕರೆಂಟ್ ಹೋಗಿ ಬಂದಾಗ ರೂಟರ್ ಬೇರೆ ಐಪಿ ಕೊಟ್ಟಿರುತ್ತದೆ, ನೀವು ಹಳೆಯ ವಿಳಾಸದ ಬುಕ್‌ಮಾರ್ಕನ್ನೇ ಒತ್ತುತ್ತಿರುತ್ತೀರಿ. ಸಿನಾಲಜಿ ಅಸಿಸ್ಟೆಂಟ್ ಅಥವಾ ಕ್ಯೂನ್ಯಾಪಿನ ಕ್ಯೂಫೈಂಡರ್ ಪ್ರೊ ಹಾಕಿ ಹುಡುಕಿದರೆ ಹೊಸ ವಿಳಾಸ ಸಿಗುತ್ತದೆ. ಸಿಕ್ಕ ಮೇಲೆ ರೂಟರಿನಲ್ಲಿ ಆ ಪೆಟ್ಟಿಗೆಗೆ ಒಂದು ಐಪಿ ಕಾಯ್ದಿರಿಸಿಬಿಡಿ.

ಪುಟ ಬರುತ್ತದೆ, ಪಾಸ್‌ವರ್ಡ್ ತಪ್ಪು ಎನ್ನುತ್ತದೆ ಎಂದಾದರೆ ಕೀಬೋರ್ಡ್ ಯಾವ ಭಾಷೆಯಲ್ಲಿದೆ ನೋಡಿ. ಕನ್ನಡ ಟೈಪ್ ಮಾಡುವ ಆಫೀಸುಗಳಲ್ಲಿ ಇದು ನಾನು ಮೇಲಿಂದ ಮೇಲೆ ಕಂಡ ಕಾರಣ. ಪಾಸ್‌ವರ್ಡ್ ಜಾಗದಲ್ಲಿ ಬರೀ ಚುಕ್ಕಿಗಳು ಕಾಣುವುದರಿಂದ ಕನ್ನಡ ಅಕ್ಷರ ಬೀಳುತ್ತಿದೆ ಎಂದು ಗೊತ್ತೇ ಆಗುವುದಿಲ್ಲ. ನೋಟ್‌ಪ್ಯಾಡಿನಲ್ಲಿ ಒಮ್ಮೆ ಟೈಪ್ ಮಾಡಿ ನೋಡಿದರೆ ಅನುಮಾನ ತೀರುತ್ತದೆ. ನೋಡಿದ ಮೇಲೆ ಅದನ್ನು ಉಳಿಸದೆ ಮುಚ್ಚಿ.

ನಿಮ್ಮ ಐಪಿಯನ್ನು ತಡೆಹಿಡಿಯಲಾಗಿದೆ ಎಂದು ಬಂದರೆ ಅದು ಆಟೋ ಬ್ಲಾಕ್. ಸಿನಾಲಜಿಯಲ್ಲಿ ಇದು ಆನ್ ಇದ್ದು ಸೆಟ್ಟಿಂಗ್ ಬದಲಿಸದೆ ಬಿಟ್ಟಿದ್ದರೆ, 5 ನಿಮಿಷದೊಳಗೆ 10 ಸಲ ತಪ್ಪಿದ ವಿಳಾಸ ಬ್ಲಾಕ್ ಆಗುತ್ತದೆ. ಮತ್ತೆ ಮತ್ತೆ ಪ್ರಯತ್ನಿಸಿ ಫಲವಿಲ್ಲ, ಸರಿಯಾದ ಪಾಸ್‌ವರ್ಡನ್ನೂ ಅದು ಒಪ್ಪುವುದಿಲ್ಲ. ಅದೇ ವೈಫೈಯಲ್ಲಿರುವ ಮೊಬೈಲಿನಿಂದಲೋ ಬೇರೆ ಲ್ಯಾಪ್‌ಟಾಪಿನಿಂದಲೋ ಒಳಹೋಗಿ ಪಟ್ಟಿಯಿಂದ ಆ ಐಪಿ ತೆಗೆಯಿರಿ. ಪಾಸ್‌ವರ್ಡ್ ಬದಲಿಸಿದ ಮರುದಿನವೇ ಇದು ಬಂದರೆ, ಹಳೆಯ ಪಾಸ್‌ವರ್ಡ್ ನೆನಪಿಟ್ಟುಕೊಂಡ ಯಾವುದೋ ಕಂಪ್ಯೂಟರ್ ತಾನಾಗಿಯೇ ಬಾಗಿಲು ಬಡಿಯುತ್ತಿದೆ ಎಂದರ್ಥ. ಮೂಲೆಯಲ್ಲಿ ಸದಾ ಆನ್ ಇರುವ ಬಿಲ್ಲಿಂಗ್ ಕಂಪ್ಯೂಟರನ್ನೋ ಸ್ಕ್ಯಾನರನ್ನೋ ಮೊದಲು ಪರೀಕ್ಷಿಸಿ.

ಪಾಸ್‌ವರ್ಡ್ ದಾಟಿ ಆರಂಕಿಯ ಕೋಡಿನಲ್ಲಿ ನಿಂತರೆ ಗಡಿಯಾರ ನೋಡಿ. ಅಥೆಂಟಿಕೇಟರ್ ಆ್ಯಪಿನ ಕೋಡು 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ; ಫೋನಿನ ಸಮಯವೂ ನ್ಯಾಸ್ ಸಮಯವೂ ಹೊಂದದಿದ್ದರೆ ಯಾವ ಕೋಡೂ ನಡೆಯದು. ಇಂಟರ್ನೆಟ್ ಇಲ್ಲದ ಹೊತ್ತಲ್ಲಿ ಕರೆಂಟ್ ಹೋಗಿ ಬಂದು ಒಳಗಿನ ಬ್ಯಾಟರಿಯೂ ಸತ್ತಿದ್ದರೆ ಪೆಟ್ಟಿಗೆಯ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ. ನೆಟ್ ಬಂದು ಸಮಯ ಸರಿಹೋದ ಮೇಲೆ ಮತ್ತೆ ನೋಡಿ.

ಜಾಗ ಪೂರ್ತಿ ತುಂಬಿದರೂ ಲಾಗಿನ್ ನಿಲ್ಲುತ್ತದೆ. ಸಿನಾಲಜಿ ಹಾಗೆಂದು ನೇರವಾಗಿಯೇ ಹೇಳಿ ರೀಸ್ಟಾರ್ಟ್ ಮಾಡಲು ಸೂಚಿಸುತ್ತದೆ. ಇಲ್ಲಿ ಪಾಸ್‌ವರ್ಡ್ ರೀಸೆಟ್ ಮಾಡಿ ಏನೂ ಪ್ರಯೋಜನವಿಲ್ಲ.

ಬ್ರೌಸರಿನಲ್ಲಿ ಸರಿ, ವಿಂಡೋಸ್‌ನಲ್ಲಿ ಇಲ್ಲ

ಇಂಥ ಕಡೆ ನ್ಯಾಸ್ ಮುಟ್ಟುವ ಪ್ರಮೇಯವೇ ಇಲ್ಲ, ತೊಂದರೆ ಕಂಪ್ಯೂಟರಿನ ಕಡೆಯದು. ವಿಂಡೋಸ್ ಹೆಸರು, ಪಾಸ್‌ವರ್ಡ್ ಕೇಳಿದಾಗ ಬಹಳ ಜನ ಕಂಪ್ಯೂಟರ್ ತೆರೆಯುವ ಪಿನ್ ಹಾಕುತ್ತಾರೆ. ಅದು ಕೇಳುತ್ತಿರುವುದು ನ್ಯಾಸ್‌ನಲ್ಲಿ ಮಾಡಿದ ಖಾತೆಯ ಪಾಸ್‌ವರ್ಡು. ಬಳಕೆದಾರರ ಹೆಸರಿಗೆ ಮೊದಲು ನ್ಯಾಸ್‌ನ ಹೆಸರು ಮತ್ತು ಹಿಂದಕ್ಕೆ ವಾಲಿದ ಓರೆಗೆರೆ (\) ಸೇರಿಸಿ ಕೊಟ್ಟರೆ, ವಿಂಡೋಸ್ ತನ್ನದೇ ಖಾತೆಯ ಹೆಸರನ್ನು ನಡುವೆ ತರುವುದು ತಪ್ಪುತ್ತದೆ. 1219 ಎಂಬ ಎರರ್ ಬಂದರೆ, ಅದೇ ನ್ಯಾಸ್‌ಗೆ ಬೇರೆ ಹೆಸರಿನಲ್ಲಿ ಆಗಲೇ ಸಂಪರ್ಕ ತೆರೆದಿದೆ ಎಂದರ್ಥ. ಕ್ರೆಡೆನ್ಷಿಯಲ್ ಮ್ಯಾನೇಜರಿಗೆ ಹೋಗಿ ಹಳೆಯದನ್ನು ಅಳಿಸಿ, ಮ್ಯಾಪ್ ಮಾಡಿದ ಡ್ರೈವ್‌ಗಳನ್ನು ಕಡಿದು ಒಮ್ಮೆ ರೀಸ್ಟಾರ್ಟ್ ಮಾಡಿದರೆ ಸಾಕು.

2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಆದಮೇಲೆ ಒಂದು ಹೊಸ ಗೋಳು ಶುರುವಾಯಿತು. ಪ್ರೊ ಆವೃತ್ತಿಯಲ್ಲಿ ಪಾಸ್‌ವರ್ಡಿಲ್ಲದ ಗೆಸ್ಟ್ ಪ್ರವೇಶ ನಿಂತಿತು, ಎಸ್‌ಎಂಬಿ (ನೆಟ್‌ವರ್ಕ್ ಮೂಲಕ ಫೋಲ್ಡರ್ ಹಂಚುವ ವಿಧಾನ) ಸೈನಿಂಗ್, ಅಂದರೆ ಪ್ರತಿ ಸಂದೇಶಕ್ಕೂ ಸಹಿ, ಕಡ್ಡಾಯವಾಯಿತು. ನಿನ್ನೆಯವರೆಗೆ ತೆರೆಯುತ್ತಿದ್ದ ಫೋಲ್ಡರ್ ಇವತ್ತು ತೆರೆಯುವುದಿಲ್ಲ. ಇಲ್ಲಿ ಆಯ್ಕೆ ಎರಡು: ವಿಂಡೋಸ್‌ನ ಈ ಕಟ್ಟುಪಾಡು ಸಡಿಲಿಸುವುದು, ಇಲ್ಲವೇ ನ್ಯಾಸ್‌ನಲ್ಲಿ ಪ್ರತಿಯೊಬ್ಬರಿಗೂ ಖಾತೆ ಮಾಡಿ ಸೈನಿಂಗ್ ಆನ್ ಮಾಡುವುದು. ಮೊದಲನೆಯದು ಎರಡು ನಿಮಿಷದ ಕೆಲಸವಾದ್ದರಿಂದ ರಿಪೇರಿಗೆ ಬಂದವರು ಅದನ್ನೇ ಮಾಡಿ ಹೋಗುತ್ತಾರೆ. ದಯವಿಟ್ಟು ಎರಡನೆಯದನ್ನೇ ಆರಿಸಿ. ಹಳೆಯ ಪೆಟ್ಟಿಗೆಗಾಗಿ ಎಸ್‌ಎಂಬಿ 1 ಆನ್ ಮಾಡುವುದಂತೂ ಬೇಡವೇ ಬೇಡ. 2017ರಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಜಗತ್ತಿನ ತುಂಬ ಹಬ್ಬಿದ್ದು ಅದೇ ಹಳೆಯ ವ್ಯವಸ್ಥೆಯ ಬಿರುಕಿನಿಂದ.

ಎರಡನೇ ಅಡ್ಮಿನ್ ಇದ್ದರೆ ಅಲ್ಲಿಗೇ ಮುಗಿಯಿತು

ರೀಸೆಟ್‌ಗೆ ಕೈಹಾಕುವ ಮುಂಚೆ ಕೇಳಬೇಕಾದ ಪ್ರಶ್ನೆ: ಅಡ್ಮಿನ್ ಹಕ್ಕಿರುವ ಇನ್ನೊಂದು ಖಾತೆ ಇದೆಯೇ? ಪಾಲುದಾರರದ್ದೋ, ಪೆಟ್ಟಿಗೆ ಕೂರಿಸಿಕೊಟ್ಟವರದ್ದೋ? ಇದ್ದರೆ ಅದರಲ್ಲಿ ಒಳಹೋಗಿ ನಿಮ್ಮ ಪಾಸ್‌ವರ್ಡ್ ಬದಲಿಸಿ, ಎರಡನೇ ಹಂತದ ಕೋಡನ್ನೂ ತೆಗೆದು ಹೊಸದಾಗಿ ಮಾಡಿ. ಇದರಷ್ಟು ನಷ್ಟವಿಲ್ಲದ ದಾರಿ ಬೇರೆ ಇಲ್ಲ. ಈಗ ಸುಖವಾಗಿ ಲಾಗಿನ್ ಆಗುತ್ತಿರುವವರು ಇಂದೇ ಅಂಥ ಎರಡನೇ ಖಾತೆ ಮಾಡಿ, ಉದ್ದದ ಪಾಸ್‌ವರ್ಡ್ ಕೊಟ್ಟು, ಅದನ್ನೂ ರಿಕವರಿ ಕೋಡುಗಳನ್ನೂ ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಹೆಸರು ಮಾತ್ರ ಅಡ್ಮಿನ್ ಎಂದೇ ಇರಕೂಡದು. ಊಹೆಯ ಪಾಸ್‌ವರ್ಡ್ ಹಾಕಿ ನುಗ್ಗುವ ಬಾಟ್‌ನೆಟ್‌ಗಳು (ದಾಳಿಕೋರರ ಹಿಡಿತಕ್ಕೆ ಸಿಕ್ಕ ಕಂಪ್ಯೂಟರುಗಳ ಜಾಲ) ಮೊದಲು ಬಡಿಯುವುದು ಆ ಹೆಸರನ್ನೇ. 2021ರ ಆಗಸ್ಟಿನಲ್ಲಿ ಸ್ಟೆಲ್ತ್‌ವರ್ಕರ್ ಎಂಬ ಬಾಟ್‌ನೆಟ್ ಹೀಗೆ ಬಡಿಯುತ್ತಿದೆ ಎಂದು ಸಿನಾಲಜಿಯೇ ಎಚ್ಚರಿಸಿತ್ತು.

ರೀಸೆಟ್ ಎಂದರೆ ಒಂದೇ ಅಲ್ಲ

ತೂತು ಒಂದೇ ಆದರೂ ಎಷ್ಟು ಹೊತ್ತು ಒತ್ತುತ್ತೀರಿ ಎಂಬುದರ ಮೇಲೆ ಆಗುವ ಕೆಲಸವೇ ಬೇರೆ.

ಸಿನಾಲಜಿಯಲ್ಲಿ ಪಿನ್ ಹಾಕಿ ಸುಮಾರು 4 ಸೆಕೆಂಡ್ ಒತ್ತಿ, ಒಂದು ಬೀಪ್ ಕೇಳಿದ ಕೂಡಲೇ ಬಿಟ್ಟರೆ ಅದು ಮೊದಲ ಬಗೆ. ಅಡ್ಮಿನ್ ಖಾತೆ ಮತ್ತೆ ಜೀವ ಪಡೆದು ಅದರ ಪಾಸ್‌ವರ್ಡ್ ಹೊಸದಾಗುತ್ತದೆ. ಐಪಿ ಮತ್ತು ಡಿಎನ್‌ಎಸ್ ಮೊದಲಿನ ಸ್ಥಿತಿಗೆ ಹೋಗುತ್ತವೆ, ಪೋರ್ಟುಗಳು 5000 ಮತ್ತು 5001ಕ್ಕೆ ಮರಳುತ್ತವೆ, ಆಟೋ ಬ್ಲಾಕ್ ಮತ್ತು ಫೈರ್‌ವಾಲ್ ನಿಯಮಗಳು ನಿಂತುಹೋಗುತ್ತವೆ. ಫೈಲುಗಳು, ಷೇರ್ಡ್ ಫೋಲ್ಡರುಗಳು, ಉಳಿದ ಬಳಕೆದಾರರು ಹಾಗೇ ಇರುತ್ತಾರೆ. ಒಳಹೋದ ತಕ್ಷಣ ಫೈರ್‌ವಾಲನ್ನೂ ಆಟೋ ಬ್ಲಾಕನ್ನೂ ಮತ್ತೆ ಆನ್ ಮಾಡಿ, ಅಡ್ಮಿನ್ ಖಾತೆ ಮುಚ್ಚಿ. ಲಾಗಿನ್ ಆದ ಖುಷಿಯಲ್ಲಿ ಇದನ್ನು ಮರೆಯುವವರು ಬಹಳ.

ಮೊದಲ ಬೀಪ್ ಆದಮೇಲೆ ಬಿಟ್ಟು, ತಕ್ಷಣವೇ ಇನ್ನೊಮ್ಮೆ 4 ಸೆಕೆಂಡ್ ಒತ್ತಿ ಮೂರು ಬೀಪ್ ಕೇಳಿದರೆ ಅದು ಎರಡನೇ ಬಗೆ. ಇಲ್ಲಿ ಸಾಫ್ಟ್‌ವೇರನ್ನೇ ಮರಳಿ ಇನ್‌ಸ್ಟಾಲ್ ಮಾಡಬೇಕು. ಡಿಸ್ಕಿನ ಡೇಟಾ ಉಳಿಯುತ್ತದೆ, ಆದರೆ ಬಳಕೆದಾರರು, ಅವರವರ ಹಕ್ಕುಗಳು, ಮಾಡಿಟ್ಟ ಸೆಟ್ಟಿಂಗುಗಳು ಹೋಗುತ್ತವೆ. ಇಪ್ಪತ್ತು ಜನರ ಆಫೀಸಿನಲ್ಲಿ ಇದು ಒಂದು ದಿನದ ಕೆಲಸ. ಪಾಸ್‌ವರ್ಡ್ ಮರೆತದ್ದಕ್ಕೆ ಈ ಬಗೆ ಬೇಕಾಗುವುದೇ ಇಲ್ಲ; ಸಾಫ್ಟ್‌ವೇರೇ ಕೆಟ್ಟು ಲಾಗಿನ್ ಪುಟ ಮೇಲೇಳದಿದ್ದಾಗ ಮಾತ್ರ ಇದನ್ನು ಯೋಚಿಸಿ. ಇನ್‌ಸ್ಟಾಲ್ ಮಾಡುವಾಗ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ ಎಂಬ ಎಚ್ಚರಿಕೆ ಕಂಡರೆ ಅಲ್ಲೇ ನಿಲ್ಲಿಸಿ, ತಿಳಿದವರನ್ನು ಕೇಳಿ.

ಕ್ಯೂನ್ಯಾಪಿನಲ್ಲಿ ಲೆಕ್ಕ ಬೇರೆ. 3 ಸೆಕೆಂಡ್ ಒತ್ತಿ ಒಂದು ಬೀಪಿಗೆ ಬಿಟ್ಟರೆ ಪಾಸ್‌ವರ್ಡ್ ಮತ್ತು ನೆಟ್‌ವರ್ಕ್ ಮಾತ್ರ ಮೊದಲಿನಂತಾಗುತ್ತವೆ, ಪೋರ್ಟ್ 8080ಕ್ಕೆ ಮರಳುತ್ತದೆ. ಆಮೇಲಿನ ಪಾಸ್‌ವರ್ಡ್ ಏನು ಎಂದು ಗೊತ್ತಾಗದೆ ಪೇಚಾಡುವವರಿಗೆ ಸುಳಿವು: ಹಲವು ಮಾದರಿಗಳಲ್ಲಿ ಅದು ಪೆಟ್ಟಿಗೆಯ ಮೊದಲ ಮ್ಯಾಕ್ ವಿಳಾಸ, ನಡುವಿನ ಗುರುತುಗಳಿಲ್ಲದೆ, ಎಲ್ಲ ದೊಡ್ಡಕ್ಷರದಲ್ಲಿ. ಮ್ಯಾಕ್ ವಿಳಾಸ ಪೆಟ್ಟಿಗೆಯ ಸ್ಟಿಕ್ಕರಿನ ಮೇಲಿರುತ್ತದೆ. ಅದೇ ಗುಂಡಿಯನ್ನು 10 ಸೆಕೆಂಡ್ ಹಿಡಿದು ಎರಡನೇ ಬೀಪ್ ಕೇಳಿದಿರೋ, ಬಳಕೆದಾರರು, ಗುಂಪುಗಳು, ಷೇರ್ಡ್ ಫೋಲ್ಡರಿನ ಸೆಟ್ಟಿಂಗುಗಳು ಅಳಿಸಿಹೋಗುತ್ತವೆ. ಒಳಗೆ ನೋಡಿದರೆ ಫೋಲ್ಡರುಗಳೇ ಇಲ್ಲ! ಎಲ್ಲರೂ ಎದೆ ಒಡೆದುಕೊಳ್ಳುವುದು ಇಲ್ಲೇ. ಆದರೆ ಡೇಟಾ ಡಿಸ್ಕಿನಲ್ಲೇ ಇರುತ್ತದೆ, ಹಳೆಯ ಹೆಸರಿನಲ್ಲೇ ಫೋಲ್ಡರುಗಳನ್ನು ಮತ್ತೆ ಮಾಡಿದರೆ ಕಾಣಿಸಿಕೊಳ್ಳುತ್ತದೆ. ಮೆನುವಿನೊಳಗಿರುವ ರೀಇನಿಷಿಯಲೈಸ್ ಎಂಬುದು ಮಾತ್ರ ಬೇರೆಯೇ ಜಾತಿ, ಅದು ಡೇಟಾವನ್ನೂ ಅಳಿಸುತ್ತದೆ. ಲಾಗಿನ್ ಸರಿಪಡಿಸಲು ಅದರ ಹತ್ತಿರವೂ ಹೋಗಬೇಡಿ.

ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕುವುದು

ಪೆಟ್ಟಿಗೆಯೇ ಸತ್ತುಹೋದಾಗಿನ ದಾರಿ ಇದು, ಪಾಸ್‌ವರ್ಡ್ ಮರೆತಾಗಿನದ್ದಲ್ಲ. ಸಿನಾಲಜಿ ಬಳಸುವುದು ಲಿನಕ್ಸಿನ ಸಾಮಾನ್ಯ ರೇಡ್ (ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯುವಂತೆ ಹಲವು ಡಿಸ್ಕುಗಳನ್ನು ಜೋಡಿಸುವ ವಿಧಾನ) ಮತ್ತು ಎಲ್‌ವಿಎಂ (ಡಿಸ್ಕಿನ ಜಾಗ ವಿಂಗಡಿಸುವ ವ್ಯವಸ್ಥೆ) ಆದ್ದರಿಂದ ಉಬುಂಟು ಎಂಬ ಲಿನಕ್ಸ್ ಹಾಕಿದ ಕಂಪ್ಯೂಟರಿಗೆ ಎಲ್ಲ ಡಿಸ್ಕುಗಳನ್ನೂ ಜೋಡಿಸಿ ಓದಬಹುದು. ಅದರ ವಿಧಾನವನ್ನು ಕಂಪನಿಯೇ ಪ್ರಕಟಿಸಿದೆ. ಕ್ಯೂನ್ಯಾಪಿನವರು ಎಲ್‌ವಿಎಂ ಅನ್ನು ತಮಗೆ ಬೇಕಾದಂತೆ ತಿದ್ದಿಕೊಂಡಿರುವುದರಿಂದ ಅದರ ಡಿಸ್ಕು ಸಾಧಾರಣ ಲಿನಕ್ಸಿನಲ್ಲಿ ಸುಲಭಕ್ಕೆ ತೆರೆಯುವುದಿಲ್ಲ, ಇನ್ನೊಂದು ಕ್ಯೂನ್ಯಾಪ್ ಪೆಟ್ಟಿಗೆಯನ್ನೇ ಹುಡುಕಬೇಕು. ಕೊಳ್ಳುವ ಮುಂಚೆ ಬೆಲೆ, ರ್‍ಯಾಮ್ ಹೋಲಿಸುವವರು ಈ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ನಾನು ಹೇಳುತ್ತಲೇ ಇರುತ್ತೇನೆ.

ಬಿಚ್ಚುವುದೇ ಆದರೆ ಪ್ರತಿ ಡಿಸ್ಕಿನ ಮೇಲೂ ಅದು ಯಾವ ಸ್ಲಾಟಿನದು ಎಂದು ಮಾರ್ಕರಿನಲ್ಲಿ ನಂಬರ್ ಬರೆಯಿರಿ. ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದರೆ "ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ?" ಎಂದು ಕೇಳುತ್ತದೆ. ಅಲ್ಲಿ ಹೂಂ ಎಂದರೆ ಕಥೆ ಮುಗಿಯಿತು.

ಲಾಗಿನ್ ತಾನಾಗಿ ಹೋದಾಗ

ನೀವು ಯಾವುದನ್ನೂ ಬದಲಿಸಿಲ್ಲ, ರಾತ್ರಿ ಸರಿಯಿತ್ತು, ಬೆಳಗ್ಗೆ ಪಾಸ್‌ವರ್ಡ್ ಹಿಡಿಯುತ್ತಿಲ್ಲ. ಇದನ್ನು ಬೇರೆಯಾಗಿಯೇ ನೋಡಬೇಕು. 2021ರ ಜೂನ್‌ನಲ್ಲಿ ಡಬ್ಲ್ಯೂಡಿಯ ಮೈ ಬುಕ್ ಲೈವ್ ಇಟ್ಟುಕೊಂಡವರಿಗೆ ಆದದ್ದು ಹೀಗೇ. ಲಾಗಿನ್ ಪುಟ ಅವರ ಪಾಸ್‌ವರ್ಡನ್ನು ಒಪ್ಪಲಿಲ್ಲ, ಒಳಗೆ ವರ್ಷಗಟ್ಟಲೆ ಕೂಡಿಟ್ಟ ಫೈಲುಗಳೇ ಇರಲಿಲ್ಲ. ಯಾರೋ ಇಂಟರ್ನೆಟ್ಟಿನಿಂದಲೇ ಫ್ಯಾಕ್ಟರಿ ರೀಸೆಟ್ ಕೊಟ್ಟಿದ್ದರು. ರೀಸೆಟ್‌ಗೆ ಮುಂಚೆ ಪಾಸ್‌ವರ್ಡ್ ಕೇಳಬೇಕಾದ ಕೋಡಿನ ಸಾಲುಗಳು ಆ ಸಾಫ್ಟ್‌ವೇರಿನಲ್ಲಿ ಇದ್ದವು, ಆದರೆ ಕೆಲಸ ಮಾಡದಂತೆ ಕಾಮೆಂಟ್ ಮಾಡಿ ಬಿಟ್ಟಿದ್ದರು. ಆ ಪೆಟ್ಟಿಗೆಗೆ ಕೊನೆಯ ಅಪ್‌ಡೇಟ್ ಬಂದಿದ್ದು 2015ರಲ್ಲಿ. ಅಪ್‌ಡೇಟ್ ನಿಂತ ನ್ಯಾಸನ್ನು ಇಂಟರ್ನೆಟ್ಟಿಗೆ ತೆರೆದಿಡುವುದು ಎಷ್ಟು ಅಪಾಯ ಎಂದು ತಿಳಿಯಲು ಇದೊಂದು ಸಾಕು.

ಮರುವರ್ಷ, 2022ರ ಜನವರಿಯಲ್ಲಿ, ಫೈಲುಗಳಿಗೆ ಬೀಗ ಹಾಕಿ ಕೀಲಿಗೆ ಹಣ ಕೇಳುವ ಡೆಡ್‌ಬೋಲ್ಟ್ ಎಂಬ ರ್‍ಯಾನ್ಸಮ್‌ವೇರ್ ಕ್ಯೂನ್ಯಾಪ್ ಪೆಟ್ಟಿಗೆಗಳ ಲಾಗಿನ್ ಪುಟವನ್ನೇ ಕಿತ್ತು ಆ ಜಾಗದಲ್ಲಿ 0.03 ಬಿಟ್‌ಕಾಯಿನ್ ಕೇಳುವ ಚೀಟಿ ಅಂಟಿಸಿತು. ಇಂಥದ್ದು ಕಂಡರೆ ರೀಸೆಟ್ ಗುಂಡಿಯನ್ನಂತೂ ಮುಟ್ಟಬೇಡಿ. ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ. ಚೀಟಿಯನ್ನು ಬಿಟ್‌ಕಾಯಿನ್ ವಿಳಾಸವೂ ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ಡಚ್ ಪೊಲೀಸರು 2022ರ ಅಕ್ಟೋಬರಿನಲ್ಲಿ ದಾಳಿಕೋರರಿಗೆ ಹಣ ಕಳಿಸಿದಂತೆ ಮಾಡಿ, ಕೀಲಿ ಕೈಗೆ ಬಂದ ಕೂಡಲೇ ಪಾವತಿ ಹಿಂದಕ್ಕೆ ಪಡೆದು, 155 ಕೀಲಿಗಳನ್ನು ಬಿಡಿಸಿಕೊಂಡರು. ಇಂಥ ಪರಿಹಾರ ಎಂದಾದರೂ ಬಂದರೆ ಆ ವಿಳಾಸ ಬೇಕಾಗುತ್ತದೆ.

ಮೂರನೆಯ ಉದಾಹರಣೆಯಲ್ಲಿ ದಾಳಿ ನಡೆದದ್ದು ಗಿರಾಕಿಯ ಮನೆಯ ಮೇಲಲ್ಲ, ಕಂಪನಿಯ ಮೇಲೆ. 2023ರ ಏಪ್ರಿಲ್‌ನಲ್ಲಿ ಡಬ್ಲ್ಯೂಡಿಯ ಕ್ಲೌಡ್ ಸೇವೆ ಹಲವು ದಿನ ನಿಂತಾಗ, ಮೈ ಕ್ಲೌಡ್ ಹೋಮ್ ಇಟ್ಟುಕೊಂಡವರಿಗೆ ಮೇಜಿನ ಮೇಲಿದ್ದ ಡಿಸ್ಕಿನೊಳಗೇ ಹೋಗಲಾಗಲಿಲ್ಲ. ಲಾಗಿನ್ ಕಂಪನಿಯ ಸರ್ವರ್ ಮೂಲಕವೇ ಆಗಬೇಕಿತ್ತು. ಆದ್ದರಿಂದ ಹೊಸದು ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ: ಇಂಟರ್ನೆಟ್ ಕೇಬಲ್ ಕಿತ್ತರೂ ಮನೆಯೊಳಗಿನ ನೆಟ್‌ವರ್ಕಿನಲ್ಲಿ ಲಾಗಿನ್ ಆಗುತ್ತದೆಯೇ? ಆಗದ ಪೆಟ್ಟಿಗೆಯನ್ನು ಎಷ್ಟು ಅಗ್ಗವಾಗಿದ್ದರೂ ನಾನು ಯಾರಿಗೂ ಹೇಳುವುದಿಲ್ಲ.

ಹೊರಗಿನಿಂದ ಬರಲು ಯಾವ ದಾರಿ

ಹೊರಗಿನಿಂದ ನೇರವಾಗಿ ನ್ಯಾಸ್‌ಗೆ ಬರುವಂತೆ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡುವುದು ವೇಗದ ದಾರಿ, ಆದರೆ ಲಾಗಿನ್ ಪುಟವನ್ನು ಊರಿಗೆಲ್ಲ ತೋರಿಸುವ ದಾರಿಯೂ ಅದೇ. ಡೆಡ್‌ಬೋಲ್ಟ್ ಹೊಕ್ಕಿದ್ದು ಹೀಗೆ ಇಂಟರ್ನೆಟ್ಟಿಗೆ ತೆರೆದಿದ್ದ ಪೆಟ್ಟಿಗೆಗಳಿಗೆ. ಯುಪಿಎನ್‌ಪಿ (ಉಪಕರಣಗಳೇ ರೂಟರಿನಲ್ಲಿ ಪೋರ್ಟ್ ತೆರೆಸಿಕೊಳ್ಳುವ ಸೌಲಭ್ಯ) ಆನ್ ಇದ್ದರೆ ನಿಮಗೆ ತಿಳಿಯದೆಯೇ ಪೋರ್ಟ್ ತೆರೆದಿರಬಹುದು, ರೂಟರಿನಲ್ಲಿ ಅದನ್ನು ಆಫ್ ಮಾಡಿ. ಸಿನಾಲಜಿ ಕಂಪನಿಯ ಕ್ವಿಕ್‌ಕನೆಕ್ಟ್‌ನಂಥ ಸೇವೆಗೆ ಪೋರ್ಟ್ ತೆರೆಯಬೇಕಿಲ್ಲ. ನಿಧಾನ ಅನ್ನಿಸಬಹುದು, ಆದರೆ ಮನೆಬಳಕೆಗೆ ಎರಡನೇ ಹಂತದ ಕೋಡಿನ ಜೊತೆ ನಡೆಯುತ್ತದೆ. ನಾನು ಆರಿಸುವುದು ವಿಪಿಎನ್, ಅಂದರೆ ಇಂಟರ್ನೆಟ್ಟಿನ ಮೇಲೆ ನಮಗಷ್ಟೇ ತೆರೆದ ಖಾಸಗಿ ದಾರಿ: ವೈರ್‌ಗಾರ್ಡ್ ಅಥವಾ ಟೇಲ್‌ಸ್ಕೇಲ್. ನಮ್ಮಲ್ಲಿ ಬ್ರಾಡ್‌ಬ್ಯಾಂಡ್ ಕೊಡುವ ಎಷ್ಟೋ ಕಂಪನಿಗಳು ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳಿಗೆ ಹಂಚುತ್ತವೆ, ಅಂಥ ಕಡೆ ಪೋರ್ಟ್ ಫಾರ್ವರ್ಡ್ ನಡೆಯುವುದೇ ಇಲ್ಲ, ಟೇಲ್‌ಸ್ಕೇಲ್ ನಡೆಯುತ್ತದೆ.

ರೇಡ್, ಸ್ನ್ಯಾಪ್‌ಶಾಟ್, ಯುಎಸ್‌ಬಿ, ಕ್ಲೌಡ್

"ರೇಡ್ ಇದೆ, ಬ್ಯಾಕಪ್ ಯಾಕೆ?" ಎಂಬ ಪ್ರಶ್ನೆಗೆ ಉತ್ತರ ಸರಳ. ರೇಡ್ ಕಾಯುವುದು ಒಂದು ಡಿಸ್ಕ್ ಸತ್ತಾಗ ಮಾತ್ರ. ಫೈಲು ಅಳಿಸಿದರೆ ಎರಡೂ ಡಿಸ್ಕಿನಿಂದ ಏಕಕಾಲಕ್ಕೆ ಅಳಿಯುತ್ತದೆ. ಕಳ್ಳ ಪೆಟ್ಟಿಗೆಯನ್ನೇ ಹೊತ್ತೊಯ್ದರೆ ಎರಡೂ ಹೋದವು.

ಸ್ನ್ಯಾಪ್‌ಶಾಟ್, ಅಂದರೆ ಫೋಲ್ಡರಿನ ಆ ಕ್ಷಣದ ಸ್ಥಿತಿಯ ದಾಖಲೆ, ಅದಕ್ಕಿಂತ ಬಹಳ ಉಪಯುಕ್ತ. ಸಿನಾಲಜಿಯಲ್ಲಿ ಇದಕ್ಕೆ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಬೇಕು, ಆದ್ದರಿಂದ ವಾಲ್ಯೂಮ್ (ಫೈಲುಗಳಿಡುವ ಡಿಸ್ಕಿನ ಜಾಗ) ಮಾಡುವಾಗಲೇ ಅದನ್ನು ಆರಿಸಿ. ರ್‍ಯಾನ್ಸಮ್‌ವೇರ್ ಹೊಕ್ಕಿದ ಕಂಪ್ಯೂಟರೊಂದು ಷೇರ್ಡ್ ಫೋಲ್ಡರನ್ನು ಕೆಡಿಸಿದರೆ ಹಿಂದಿನ ಗಂಟೆಯ ಸ್ಥಿತಿಗೆ ಮರಳಬಹುದು. ಆದರೆ ಅಡ್ಮಿನ್ ಪಾಸ್‌ವರ್ಡೇ ಕದ್ದವನು ಸ್ನ್ಯಾಪ್‌ಶಾಟನ್ನೂ ಅಳಿಸಬಲ್ಲ. ಅದಕ್ಕಾಗಿಯೇ ಸಿನಾಲಜಿಯ ಸಾಫ್ಟ್‌ವೇರಾದ ಡಿಎಸ್‌ಎಂನ 2023ರ 7.2 ಆವೃತ್ತಿಯಲ್ಲಿ ಅಳಿಸಲಾಗದ ಸ್ನ್ಯಾಪ್‌ಶಾಟ್ ಬಂತು. 7ರಿಂದ 30 ದಿನಗಳವರೆಗೆ ಅಡ್ಮಿನ್‌ಗೂ ಅದನ್ನು ತೆಗೆಯಲಾಗದು. ನಿಮ್ಮ ಮಾದರಿಯಲ್ಲಿ ಇದ್ದರೆ ತಪ್ಪದೆ ಆನ್ ಮಾಡಿ.

ಆದರೂ ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕುಗಳಲ್ಲಿ. ಬೇರೆ ಕಡೆ ಒಂದು ಪ್ರತಿ ಬೇಕೇ ಬೇಕು. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಹೆಸರಿನೊಂದಿಗೆ ಪ್ರಚಾರಕ್ಕೆ ಬಂದ 3-2-1 ನಿಯಮ ಸ್ಟುಡಿಯೋದವರಿಗೆ ಇಂದಿಗೂ ಸರಿಯಾದ ಅಳತೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಟೆರಾಬೈಟ್‌ಗಟ್ಟಲೆ ಮದುವೆ ವಿಡಿಯೋ ಇರುವವರಿಗೆ ಕ್ಲೌಡ್‌ನ ತಿಂಗಳ ಬಾಡಿಗೆ ಭಾರವಾಗುತ್ತದೆ, ಏರಿಸಲು ವಾರಗಳೇ ಹಿಡಿಯಬಹುದು. ಅವರಿಗೆ ಎರಡು ಯುಎಸ್‌ಬಿ ಡಿಸ್ಕ್ ಸಾಕು: ವಾರಕ್ಕೊಮ್ಮೆ ಅದಲು ಬದಲು ಮಾಡಿ, ಒಂದನ್ನು ಮನೆಗೆ ಒಯ್ಯಬೇಕು. ಸದಾ ಚುಚ್ಚಿಯೇ ಇಟ್ಟ ಯುಎಸ್‌ಬಿ ಡಿಸ್ಕು ದಾಳಿಯ ಹೊತ್ತಿಗೆ ನ್ಯಾಸ್ ಜೊತೆಗೇ ಹೋಗುತ್ತದೆ. ಆಡಿಟರ್ ಆಫೀಸಿನಂತೆ ಡೇಟಾ ಕಡಿಮೆ, ಬೆಲೆ ಜಾಸ್ತಿ ಇರುವ ಕಡೆ ಎನ್‌ಕ್ರಿಪ್ಟ್ ಮಾಡಿದ (ಕೀಲಿಯಿಲ್ಲದೆ ಓದಲಾಗದಂತೆ ಮಾಡಿದ) ಕ್ಲೌಡ್ ಪ್ರತಿಯೇ ಉತ್ತಮ. ಎಲ್ಲಕ್ಕೂ ಮೊದಲು ಯುಎಸ್‌ಬಿ ಕೇಬಲ್ ಮೂಲಕ ನ್ಯಾಸ್ ಜೊತೆ ಮಾತಾಡುವ ಯುಪಿಎಸ್ ಒಂದನ್ನು ಕೂರಿಸಿ. ಬ್ಯಾಟರಿ ಇಳಿಯುವಾಗ ಪೆಟ್ಟಿಗೆ ತಾನಾಗಿ ಸುರಕ್ಷಿತವಾಗಿ ಆಫ್ ಆಗುತ್ತದೆ.

ಎನ್‌ಕ್ರಿಪ್ಷನ್ ಬೇಕೇ?

ಕಳ್ಳತನದ ಭಯವಿದ್ದರೆ, ಗಿರಾಕಿಗಳ ದಾಖಲೆ ಇದ್ದರೆ ಬೇಕು. ಆದರೆ ಲಾಗಿನ್ ಪಾಸ್‌ವರ್ಡ್ ಬೇರೆ, ಎನ್‌ಕ್ರಿಪ್ಷನ್ ಕೀಲಿ ಬೇರೆ. ಲಾಗಿನ್ ಮರೆತರೆ ಗುಂಡಿ ಇದೆ, ಕೀಲಿ ಕಳೆದರೆ ಏನೂ ಇಲ್ಲ. ರೀಸೆಟ್ ಆದಮೇಲೆ ಎನ್‌ಕ್ರಿಪ್ಟ್ ಆದ ಫೋಲ್ಡರುಗಳು ಮುಚ್ಚಿಕೊಳ್ಳುತ್ತವೆ, ತೆರೆಯಲು ಕೀಲಿ ಬೇಕು. ಹಾಗಾಗಿ ಕೀಲಿ ಕೈಯಲ್ಲಿಲ್ಲದೆ ರೀಸೆಟ್ ಒತ್ತಬೇಡಿ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇನ್ನೊಂದು ವಿಷಯ. ಸಿನಾಲಜಿಯ ಎನ್‌ಕ್ರಿಪ್ಟ್ ಆದ ಷೇರ್ಡ್ ಫೋಲ್ಡರಿನಲ್ಲಿ ಹೆಸರು ಇಂಗ್ಲಿಷಿನ 143 ಅಕ್ಷರ ಮೀರುವಂತಿಲ್ಲ. ಕನ್ನಡದ ಪ್ರತಿ ಸಂಕೇತ ಮೂರು ಬೈಟ್ ತೆಗೆದುಕೊಳ್ಳುವುದರಿಂದ ನಮಗೆ ಉಳಿಯುವುದು ಸುಮಾರು 47. ಅದರಲ್ಲೂ "ಕ್ಷ" ಒಂದೇ ಅಕ್ಷರದಂತೆ ಕಂಡರೂ ಮೂರು ಸಂಕೇತ, ಒಂಬತ್ತು ಬೈಟ್. ಮದುಮಕ್ಕಳ ಹೆಸರು, ಛತ್ರ, ಊರು, ತಾರೀಖು ಎಲ್ಲ ಸೇರಿಸಿ ಕನ್ನಡದಲ್ಲಿ ಉದ್ದಕ್ಕೆ ಹೆಸರಿಟ್ಟ ಫೈಲುಗಳು ಅಲ್ಲಿಗೆ ಕಾಪಿ ಆಗದೆ ಉಳಿದುಬಿಡುತ್ತವೆ. ಸಾಗಿಸಿದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ ತಾಳೆ ನೋಡದೆ ಹಳೆಯದನ್ನು ಅಳಿಸಬೇಡಿ. ಡಿಎಸ್‌ಎಂ 7.2ರಿಂದ ಬಂದ ಪೂರ್ತಿ ವಾಲ್ಯೂಮ್ ಎನ್‌ಕ್ರಿಪ್ಷನ್‌ನಲ್ಲಿ ಹೆಸರಿಗೆ ಈ ಮಿತಿ ಇಲ್ಲ, ಹೊಸದಾಗಿ ಶುರುಮಾಡುವವರು ಅದನ್ನೇ ಆರಿಸಬಹುದು. ಅದು ಕೊಡುವ ರಿಕವರಿ ಕೀಲಿಯ ಫೈಲನ್ನೂ, ಕ್ಲೌಡ್ ಬ್ಯಾಕಪ್ಪಿನ ಕೀಲಿಯನ್ನೂ ಪೆನ್‌ಡ್ರೈವಿಗೆ ಹಾಕಿ ಬೇರೆ ಮನೆಯಲ್ಲಿಡಿ. ನ್ಯಾಸ್‌ನೊಳಗೇ ಉಳಿಸಿಟ್ಟ ಕೀಲಿ ನ್ಯಾಸ್ ತೆರೆಯದ ದಿನ ಸಿಗುವುದಿಲ್ಲ.